ಭಂಗಿಯ ಹೊಗೆ
ಪ್ರಶ್ನೆ: ಗಾಂಜಾ ಬರೀ ಸೊಪ್ಪು, ಬೀಡಿಯಷ್ಟು ಎದೆ ಕೆಡಿಸಲ್ಲ ಅಂತಾರೆ. ಹೌದಾ?
– ಓದುಗರೊಬ್ಬರು, ಬಾಳ್ಳುಪೇಟೆ

ಉತ್ತರ: ತಂಬಾಕೂ ಸೊಪ್ಪೇ ಅಲ್ಲವೇ! ಮಳೆಗಾಲದಲ್ಲಿ ಹಸಿ ಕಟ್ಟಿಗೆ ಉರಿಸಿದ ಒಲೆಯ ಮೇಲೆ, ಅಟ್ಟದಿಂದ ಜೋತುಬೀಳುವ ಇಲ್ಲಣ ನೋಡಿದ್ದೀರಲ್ಲ. ಯಾವ ಎಲೆ ಸುಟ್ಟರೂ ಎದೆಯೊಳಗೆ ಅಂಥದೇ ಜಿಡ್ಡು, ಟಾರು. ಭಂಗಿ ಸೇದುವವರು ಜೋರಾಗಿ ದಮ್ಮೆಳೆದು ಹೊಗೆಯನ್ನು ಒಳಗೇ ತಡೆಹಿಡಿಯುತ್ತಾರೆ ಬೇರೆ. 1988ರಲ್ಲಿ ಅಮೆರಿಕದ ಡೊನಾಲ್ಡ್ ತಾಷ್ಕಿನ್ ಮತ್ತು ಸಂಗಡಿಗರು ಅಳೆದಾಗ, ಗಾಂಜಾದಿಂದ ಒಳಹೋದ ಟಾರು ತಂಬಾಕಿನದಕ್ಕಿಂತ ಸುಮಾರು 3 ಪಟ್ಟು, ರಕ್ತದಲ್ಲಿ ಏರಿದ ಕಾರ್ಬನ್ ಮೊನಾಕ್ಸೈಡ್ ಸುಮಾರು 5 ಪಟ್ಟು ಇತ್ತು. ದಿನಾ ಸೇದುವವರಲ್ಲಿ ಕೆಮ್ಮು, ಕಫ, ಎದೆಯಲ್ಲಿ ಸುಯ್‌ಗುಟ್ಟುವ ಸದ್ದು ಹೆಚ್ಚು. ಬಿಟ್ಟರೆ ಬಹುಮಟ್ಟಿಗೆ ಇಳಿಯುತ್ತವೆ. ಕ್ಯಾನ್ಸರಿನ ನಂಟು ಮಾತ್ರ ತಂಬಾಕಿನಷ್ಟು ಖಚಿತವಾಗಿಲ್ಲ. ಆದರೆ ನಮ್ಮವರು ಚಿಲುಮೆಗೆ ತಂಬಾಕನ್ನೂ ಬೆರೆಸುತ್ತಾರಲ್ಲ, ಆ ಸಮಾಧಾನವೂ ಹೋಯಿತು.