ಆಂಟೆನಾ ಪಾಠವೂ ನೋಡುಗರ ಮೆಚ್ಚುಗೆಯೂ

1959ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯ ಅಲೆಗಳ ನಡವಳಿಕೆಯನ್ನು ಕುರಿತು ಒಂದು ಉಪನ್ಯಾಸವನ್ನು ಚಿತ್ರೀಕರಿಸಿತು. ಪಾಠ ಮಾಡಿದವರು ಜಾನ್ ಶೈವ್, ಬೆಳಕಿಗೆ ಸ್ಪಂದಿಸುವ ಫೋಟೋಟ್ರಾನ್ಸಿಸ್ಟರನ್ನು ರೂಪಿಸಿದ ಭೌತವಿಜ್ಞಾನಿ. ಅವರು ಬಳಸಿದ ಸಲಕರಣೆ ತೀರಾ ಸರಳ: ಉದ್ದಕ್ಕೆ ಎಳೆದು ಕಟ್ಟಿದ ಒಂದು ತೆಳು ಉಕ್ಕಿನ ತಂತಿ, ಅದಕ್ಕೆ ಅಡ್ಡಡ್ಡಲಾಗಿ ಸಾಲಾಗಿ ಬೆಸೆದ ಕಡ್ಡಿಗಳು. ತುದಿಯ ಕಡ್ಡಿಯನ್ನು ಕೈಯಿಂದ ಮೇಲೆ ಕೆಳಗೆ ಆಡಿಸಿದರೆ ಆ ತಿರುಚು ಕಡ್ಡಿಯಿಂದ ಕಡ್ಡಿಗೆ ದಾಟುತ್ತ, ಕಣ್ಣು ಹಿಂಬಾಲಿಸಬಲ್ಲಷ್ಟು ನಿಧಾನವಾಗಿ ಸಾಗುತ್ತದೆ. ಇನ್ನೊಂದು ತುದಿಯನ್ನು ಹಾಗೇ ಬಿಟ್ಟಿದ್ದರೆ ಅಲೆ ಹೋದ ರೂಪದಲ್ಲೇ ಮರಳುತ್ತದೆ. ಬಿಗಿಯಾಗಿ ಹಿಡಿದಿದ್ದರೆ ತಲೆಕೆಳಗಾಗಿ ಮರಳುತ್ತದೆ. ಸರಿಯಾದ ತಡೆ ಒಡ್ಡುವ ಸಾಧನವನ್ನು ಅಲ್ಲಿ ಜೋಡಿಸಿದ್ದರೆ ಮರಳುವುದೇ ಇಲ್ಲ. ಟ್ರಾನ್ಸ್‌ಮಿಟರಿನಿಂದ ಆಂಟೆನಾಕ್ಕೆ ಹೋಗುವ ಕೇಬಲಿನಲ್ಲಿ ನಡೆಯುವುದೂ ಇದೇ. ಅಲ್ಲಿ ಅಲೆಯ ವೇಗ ಬೆಳಕಿನ ವೇಗಕ್ಕೆ ಹತ್ತಿರವಾದ್ದರಿಂದ ಯಾರೂ ಅದನ್ನು ಕಂಡಿಲ್ಲ, ಅಷ್ಟೇ.

ಅರವತ್ತಕ್ಕೂ ಹೆಚ್ಚು ವರ್ಷಗಳಾದರೂ ಈ ಚಿತ್ರಕ್ಕೆ ನೋಡುಗರ ಕೊರತೆಯಿಲ್ಲ, ಹೊಗಳಿಕೆಯ ಕೊರತೆಯಂತೂ ಇಲ್ಲವೇ ಇಲ್ಲ. ಇದೂ ಸೇರಿದಂತೆ ಆಂಟೆನಾದ ಮೂಲಪಾಠಗಳನ್ನು ನೋಡಿದವರ ಮೆಚ್ಚುಗೆ ಮುಖ್ಯವಾಗಿ ಎರಡು ಕಡೆಯಿಂದ ಬರುತ್ತದೆ. ಒಂದು, ವಿದ್ಯಾರ್ಥಿಗಳದು: ಕಾಲೇಜಿನಲ್ಲಿ ಬರೀ ಸೂತ್ರ ಬರೆಸಿದರು, ಹೀಗೆ ಹೇಳಿಕೊಟ್ಟಿದ್ದರೆ ಆಗಲೇ ತಿಳಿಯುತ್ತಿತ್ತು ಎಂಬ ಮಾತು. ಇನ್ನೊಂದು, ಕಸುಬಿನವರದು, ಅಂದರೆ ಹವ್ಯಾಸಿ ರೇಡಿಯೊ ನಡೆಸುವ ಹ್ಯಾಮ್‌ಗಳು, ಪ್ರಸಾರ ಕೇಂದ್ರದ ತಂತ್ರಜ್ಞರು, ಟವರ್ ಹತ್ತುವವರು: ಇಷ್ಟು ವರ್ಷ ಕೇಬಲ್ ಕತ್ತರಿಸಿ, ಮೀಟರ್ ನೋಡಿ, ಮತ್ತೆ ಕತ್ತರಿಸಿ ಮಾಡುತ್ತಿದ್ದ ಕೆಲಸದ ಕಾರಣ ಇವತ್ತು ತಿಳಿಯಿತು ಎಂಬ ಮಾತು. ಮೇಲ್ನೋಟಕ್ಕೆ ಎರಡೂ ಒಂದೇ. ಆದರೆ ಪಾಠದಿಂದ ಕಲಿಕೆ ಆಯಿತೇ ಎಂಬುದಕ್ಕೆ ಸಾಕ್ಷಿಯಾಗಿ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೊದಲನೆಯದು ಪಾಠ ಹಿತವಾಗಿತ್ತು ಎಂದು ತಿಳಿಸುತ್ತದೆ. ಎರಡನೆಯದರಲ್ಲಿ ಮಾತ್ರ ತಿಳಿವಳಿಕೆ ಹುಟ್ಟಿದ ಸುಳಿವಿದೆ.

ವಿದ್ಯಾರ್ಥಿಯ ಸಂತೋಷವನ್ನು ಹೀಗೆ ಅನುಮಾನಿಸುವುದು ಸರಿಯೇ? ಸಾವಿರಾರು ಜನ ತಿಳಿಯಿತು ಎನ್ನುವಾಗ ಎಲ್ಲರೂ ತಪ್ಪುವುದುಂಟೇ? ಉಂಟು. 1970ರಲ್ಲಿ ಅಮೆರಿಕದಲ್ಲಿ ನಡೆದು 1973ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ‘ಡಾ. ಫಾಕ್ಸ್’ ಎಂಬ ಹೆಸರಿನಲ್ಲಿ ಒಬ್ಬ ನಟನಿಂದ ವೈದ್ಯಶಿಕ್ಷಣಕ್ಕೂ ಗಣಿತಕ್ಕೂ ನಂಟು ಕಲ್ಪಿಸುವ ಉಪನ್ಯಾಸ ಕೊಡಿಸಲಾಯಿತು. ಒಂದಕ್ಕೊಂದು ಒಪ್ಪದ, ಅರ್ಥವೇ ಇಲ್ಲದ ಮಾತುಗಳನ್ನು ಬೇಕೆಂದೇ ಅದರಲ್ಲಿ ತುಂಬಲಾಗಿತ್ತು. ಹೇಳುವ ಧಾಟಿ ಮಾತ್ರ ಸೊಗಸು. ಕೇಳಿದವರಲ್ಲಿ ಮನೋವೈದ್ಯರು, ಶಿಕ್ಷಕರು ಇದ್ದರು. ಒಂದು ಗುಂಪು ಎದುರಿಗೇ ಕೇಳಿತು, ಉಳಿದೆರಡು ಗುಂಪುಗಳು ಅದರ ವೀಡಿಯೊ ಮುದ್ರಿಕೆಯನ್ನು ನೋಡಿದವು. ಮೂರೂ ಕಡೆ ಹೆಚ್ಚಿನವರು ಮೆಚ್ಚಿದರು. ಅದು ಸುಳ್ಳು ಪಾಠ, ಶೈವ್ ಅವರದು ನಿಜವಾದ ಪಾಠವಲ್ಲವೇ ಎಂದು ಕೇಳಬಹುದು. ನ್ಯಾಯವಾದ ಆಕ್ಷೇಪ. ಅದಕ್ಕೆ ಉತ್ತರ 2013ರ ಇನ್ನೊಂದು ಪ್ರಯೋಗದಲ್ಲಿದೆ. ಮೂರು ಬಣ್ಣದ ಬೆಕ್ಕುಗಳು ಬಹುಪಾಲು ಹೆಣ್ಣೇ ಏಕೆ ಎಂಬ ಸರಿಯಾದ ವಿವರಣೆಯನ್ನೇ ಎರಡು ರೀತಿಯಲ್ಲಿ ಚಿತ್ರಿಸಿದರು. ಒಂದರಲ್ಲಿ ಉಪನ್ಯಾಸಕಿ ನಿರರ್ಗಳ. ಇನ್ನೊಂದರಲ್ಲಿ ಅದೇ ಮಾತುಗಳನ್ನು ಚೀಟಿ ನೋಡಿ ತಡವರಿಸುತ್ತ ಓದಿದಳು. ಮೊದಲನೆಯದನ್ನು ನೋಡಿದವರು ತಮಗೆ ಹೆಚ್ಚು ನೆನಪಿರುತ್ತದೆ ಎಂದುಕೊಂಡರು. ಪರೀಕ್ಷಿಸಿದಾಗ ಎರಡು ಗುಂಪುಗಳ ನೆನಪಿನಲ್ಲಿ ಹೇಳಿಕೊಳ್ಳುವ ಅಂತರ ಕಾಣಲಿಲ್ಲ. ಆ ವೀಡಿಯೊ ಒಂದು ನಿಮಿಷದ್ದು, ಅರ್ಧ ಗಂಟೆಯ ಪಾಠಕ್ಕೆ ಅದನ್ನು ಹಾಗೇ ಅನ್ವಯಿಸಬಾರದು, ಒಪ್ಪಬೇಕು. ಆದರೂ ಒಂದು ವಿಷಯ ನಿಲ್ಲುತ್ತದೆ: ತಿಳಿಯಿತೆಂಬ ಭಾವನೆ ಹೇಳುವವರ ಸರಾಗದಿಂದಲೂ ಹುಟ್ಟಬಲ್ಲದು.

ಆಂಟೆನಾದ ವಿಷಯದಲ್ಲಿ ಈ ಸರಾಗ ವಿಶೇಷವಾಗಿ ಮೋಸ ಮಾಡುತ್ತದೆ. ಶೈವ್ ಅವರ ಯಂತ್ರ ತೋರಿಸುವುದು ತಂತಿಯ ಮೇಲೆ ಓಡುವ ಅಲೆಯನ್ನು. ತಂತಿಯನ್ನು ಬಿಟ್ಟು ಆಕಾಶಕ್ಕೆ ಹೊರಡುವ ಅಲೆಯನ್ನು ಅದು ತೋರಿಸುವುದಿಲ್ಲ, ತೋರಿಸುತ್ತೇನೆಂದು ಅವರು ಹೇಳಿಯೂ ಇಲ್ಲ. ಆದರೆ ಆಂಟೆನಾ ಕಲಿಯಲು ಬಂದ ನೋಡುಗ ಕೇಬಲನ್ನು ಅರಿತು, ಆಂಟೆನಾವನ್ನೇ ಅರಿತೆ ಎಂದುಕೊಂಡು ಎದ್ದುಹೋಗಬಹುದು. ಶಾಲೆಯಲ್ಲಿ ಕಲಿತ ವಿದ್ಯುತ್ತಿಗೆ ಮುಚ್ಚಿದ ಸರ್ಕಿಟ್ ಬೇಕು. ಆಂಟೆನಾದ ತುದಿಗಳೋ ಗಾಳಿಯಲ್ಲಿ ತೆರೆದೇ ಇವೆ. ಕರೆಂಟ್ ಎಲ್ಲಿಗೆ ಹರಿಯುತ್ತದೆ? ಈ ಪ್ರಶ್ನೆ ಏಳದಿದ್ದರೆ ಪಾಠ ಎಷ್ಟು ಹಿತವಾಗಿದ್ದರೂ ಮುಖ್ಯ ಗಂಟು ಬಿಚ್ಚಿಲ್ಲ. ಬಿಚ್ಚುವ ದಾರಿ ಹೀಗಿದೆ. ಸಮಾನಾಂತರವಾಗಿ ಪಕ್ಕಪಕ್ಕ ಓಡುವ, ಕೊನೆ ತೆರೆದಿರುವ ಎರಡು ತಂತಿಗಳನ್ನು ತೆಗೆದುಕೊಳ್ಳಿ. ಅಲೆ ತುದಿಗೆ ಹೋಗಿ ಮರಳಿ, ಹೋಗುವುದೂ ಬರುವುದೂ ಕೂಡಿ ನಿಂತಲ್ಲೇ ಏರಿಳಿಯುವ ಸ್ಥಾಯಿ ತರಂಗವಾಗುತ್ತದೆ. ತುದಿಯಲ್ಲಿ ಕರೆಂಟ್ ಸೊನ್ನೆ; ಅಲ್ಲಿಂದ ತರಂಗಾಂತರದ ಕಾಲು ಭಾಗ ಹಿಂದೆ ಬಂದರೆ ಗರಿಷ್ಠ. ಯಾವ ಗಳಿಗೆಯಲ್ಲೂ ಎರಡು ತಂತಿಗಳ ಕರೆಂಟುಗಳು ಎದುರುಬದುರು ದಿಕ್ಕಿನಲ್ಲಿರುವುದರಿಂದ ದೂರದಲ್ಲಿ ಒಂದರ ಪರಿಣಾಮವನ್ನು ಇನ್ನೊಂದು ಅಳಿಸುತ್ತದೆ. ಈಗ ಕೊನೆಯ ಕಾಲು ತರಂಗಾಂತರದಷ್ಟು ಭಾಗವನ್ನು ಒಂದನ್ನು ಮೇಲಕ್ಕೂ ಒಂದನ್ನು ಕೆಳಕ್ಕೂ ಬಗ್ಗಿಸಿ. ಎದುರುಬದುರಾಗಿದ್ದ ಕರೆಂಟುಗಳು ಒಂದೇ ದಿಕ್ಕಿಗೆ ಬಂದವು. ಅವುಗಳ ಪರಿಣಾಮ ಕೂಡಿಕೊಳ್ಳುತ್ತದೆ, ಶಕ್ತಿ ಹೊರಗೆ ಹೊರಡುತ್ತದೆ. ಅರ್ಧ ತರಂಗಾಂತರದ ಡೈಪೋಲ್ ಎಂದರೆ ಇಷ್ಟೇ. ನಡುವೆ ಕರೆಂಟ್ ಹೆಚ್ಚು, ವೋಲ್ಟೇಜ್ ಕಡಿಮೆ, ಆದ್ದರಿಂದ ಅಲ್ಲಿನ ತಡೆ ಸುಮಾರು 73 ಓಮ್.

ಇಲ್ಲಿಯವರೆಗೆ ಓದಿ ತಲೆಯಾಡಿಸಿದವರಿಗೆ ಒಂದು ಪ್ರಶ್ನೆ: ಅದೇ ಡೈಪೋಲನ್ನು ಇಡೀ ತರಂಗಾಂತರದಷ್ಟು ಉದ್ದ ಮಾಡಿದರೆ ನಡುವಿನ ತಡೆ ಏನಾಗುತ್ತದೆ? ಉದ್ದ ಇಮ್ಮಡಿಯಾಯಿತು, ತಡೆಯೂ ಇಮ್ಮಡಿಯಾದೀತು ಎಂಬುದು ಸಹಜವಾಗಿ ಬರುವ ಉತ್ತರ, ತಪ್ಪು ಉತ್ತರವೂ ಹೌದು. ಈಗ ನಡುಭಾಗ ತುದಿಯಿಂದ ಅರ್ಧ ತರಂಗಾಂತರ ದೂರದಲ್ಲಿರುವುದರಿಂದ ಅಲ್ಲಿ ಕರೆಂಟ್ ತೀರಾ ಕಡಿಮೆ, ವೋಲ್ಟೇಜ್ ಹೆಚ್ಚು. ತೆಳು ತಂತಿಯಾದರೆ ತಡೆ ಸಾವಿರಾರು ಓಮ್‌ಗೆ ಏರುತ್ತದೆ. ಇದನ್ನು ಕೇಳದೆ ಊಹಿಸಬಲ್ಲವರಿಗೆ ಪಾಠ ದಕ್ಕಿದೆ. ಮೆಚ್ಚುಗೆಯ ಮಾತಿನಲ್ಲಿ ಇಂಥ ಊಹೆಯ ಸುಳಿವು ಸಿಗುವುದು ಅಪರೂಪ.

ಹಾಗಾದರೆ ಕಸುಬಿನವರ ಮೆಚ್ಚುಗೆಯನ್ನು ಮಾತ್ರ ನಂಬುವುದೇಕೆ? ಅವರು ಜಾಣರೆಂದಲ್ಲ. ಅವರು ಪಾಠಕ್ಕೆ ಬರುವ ಮುಂಚೆಯೇ ಗೊಂದಲಗಳನ್ನು ಕೂಡಿಸಿಕೊಂಡಿರುತ್ತಾರೆ. ಒಂದು ಅಳತೆಯ ಕೇಬಲ್ ಸರಿಹೋಗಿ ಇನ್ನೊಂದು ಏಕೆ ಕೈಕೊಟ್ಟಿತು ಎಂಬುದು ಅವರ ತಲೆಯಲ್ಲಿ ಕೊರೆಯುತ್ತಿರುತ್ತದೆ. 1998ರಲ್ಲಿ ಪ್ರಕಟವಾದ ಶ್ವಾರ್ಟ್ಸ್ ಮತ್ತು ಬ್ರಾನ್ಸ್‌ಫರ್ಡ್ ಅವರ ಅಧ್ಯಯನ ಇದನ್ನೇ ತೋರಿಸಿತು. ಮನೋವಿಜ್ಞಾನದ ಕೆಲವು ವಿದ್ಯಾರ್ಥಿಗಳು ಪ್ರಯೋಗಗಳ ದತ್ತಾಂಶವನ್ನು ಹೋಲಿಸಿ ತಾವೇ ತಿಣುಕಿದ ಮೇಲೆ ಉಪನ್ಯಾಸ ಕೇಳಿದರು. ಕೆಲವರು ಅಧ್ಯಾಯದ ಸಾರಾಂಶ ಬರೆದು ಅದೇ ಉಪನ್ಯಾಸ ಕೇಳಿದರು. ಹೊಸ ಪ್ರಯೋಗದ ಫಲಿತಾಂಶ ಊಹಿಸುವಲ್ಲಿ ಮೊದಲಿನವರು ಬಹಳ ಮುಂದಿದ್ದರು. ಉಪನ್ಯಾಸವಿಲ್ಲದೆ ಬರೀ ತಿಣುಕಿದವರೂ ಹಿಂದೆಯೇ ಉಳಿದರು. ಅಂದರೆ ಉಪನ್ಯಾಸ ದಂಡವಲ್ಲ. ಅದಕ್ಕೆ ಮೊದಲೇ ಒಂದು ಕೊರತೆ ಹುಟ್ಟಿರಬೇಕು. ಸಿಡ್ನಿಯಲ್ಲಿ ಡೆರೆಕ್ ಮುಲ್ಲರ್ ನಡೆಸಿದ ಸಂಶೋಧನೆಯ ಫಲವೂ ಇದಕ್ಕೆ ಹೊಂದುತ್ತದೆ. ಭೌತವಿಜ್ಞಾನದ ನೇರ ವಿವರಣೆಯ ವೀಡಿಯೊವನ್ನು ವಿದ್ಯಾರ್ಥಿಗಳು ಸ್ಪಷ್ಟವಾಗಿದೆ ಎಂದರು, ಕಲಿತದ್ದು ಕಡಿಮೆ. ತಪ್ಪು ಕಲ್ಪನೆಯನ್ನು ಮೊದಲು ಆಡಿಸಿ ಆಮೇಲೆ ಮುರಿಯುವ ವೀಡಿಯೊ ಅವರಿಗೆ ಗೊಂದಲವೆನಿಸಿತು, ಕಲಿತದ್ದು ಹೆಚ್ಚು.

ಚಿತ್ರೀಕರಿಸಿದ ಪಾಠವನ್ನು ನಿಲ್ಲಿಸಬಹುದು, ಹಿಂದಕ್ಕೆ ಓಡಿಸಬಹುದು, ಅದು ತರಗತಿಗಿಲ್ಲದ ಅನುಕೂಲ ಎಂಬ ವಾದವಿದೆ. ನಿಜ. ಆದರೆ ನಿಲ್ಲಿಸುವುದು ಎಡವಿದವರು. ಎಡವದ ಹಾಗೆ ಹದಗೊಳಿಸಿದ ಪಾಠದಲ್ಲಿ ನಿಲ್ಲಿಸುವ ಗುಂಡಿ ಒತ್ತಲು ಕಾರಣವೇ ಇರುವುದಿಲ್ಲ. ಇನ್ನು, ಮೆಚ್ಚುಗೆ ಕಲಿಕೆಯಲ್ಲದಿದ್ದರೂ ಕಲಿಕೆಗೆ ಎಳೆದು ತರುತ್ತದೆ ಎಂಬ ವಾದ ಇದಕ್ಕಿಂತ ಗಟ್ಟಿ, ಅದನ್ನು ನಾನು ಅಲ್ಲಗಳೆಯಲಾರೆ. ಶೈವ್ ಅವರ ಯಂತ್ರ ನೋಡಿ ಎಷ್ಟೋ ಮಂದಿ ಪುಸ್ತಕ ತೆರೆದಿರಬಹುದು. ನನ್ನ ತಕರಾರು ಮೆಚ್ಚುಗೆಯನ್ನೇ ಅಂಕಪಟ್ಟಿ ಮಾಡಿಕೊಳ್ಳುವುದರ ಬಗ್ಗೆ.

ಅಂಕ ಕೊಡುವುದಾದರೆ ತಕರಾರು ಎತ್ತುವ ನೋಡುಗರಿಗೆ ಕೊಡಬಹುದು. ಆಂಟೆನಾ ತರಂಗಾಂತರದ ಕಾಲು ಭಾಗದಷ್ಟಾದರೂ ಇರಬೇಕೆಂಬ ಮಾತನ್ನೇ ನೋಡಿ. 101.3 ಮೆಗಾಹರ್ಟ್ಸ್‌ನ ಬೆಂಗಳೂರು ಎಫ್‌ಎಂ ರೇನ್‌ಬೋಗೆ ಅದು ಸುಮಾರು 74 ಸೆಂಟಿಮೀಟರ್. ಟ್ರಾನ್ಸಿಸ್ಟರ್ ರೇಡಿಯೊದ ಎಳೆಯುವ ಕಡ್ಡಿಯ ಉದ್ದ ಅದರ ಆಸುಪಾಸಿನದೇ. ಆದರೆ 612 ಕಿಲೋಹರ್ಟ್ಸ್‌ನ ಬೆಂಗಳೂರು ಆಕಾಶವಾಣಿಗೆ ಕಾಲು ತರಂಗಾಂತರ ಸುಮಾರು 122 ಮೀಟರ್. ಅದನ್ನು ಟ್ರಾನ್ಸಿಸ್ಟರು ಬೆರಳುದ್ದದ ಫೆರೈಟ್ ಕಡ್ಡಿಯಿಂದ ಹಿಡಿಯುತ್ತಿತ್ತಲ್ಲ, ಅದು ಹೇಗೆ? ಸುಂದರವಾದ ಸ್ಥಾಯಿ ತರಂಗದ ಪಾಠವನ್ನು ಈ ಪ್ರಶ್ನೆ ಒಂದೇ ಏಟಿಗೆ ಇಕ್ಕಟ್ಟಿಗೆ ಸಿಲುಕಿಸುತ್ತದೆ. ಕಾರಣ ಇರುವುದು ಗದ್ದಲದಲ್ಲಿ. ಮಧ್ಯಮ ತರಂಗದಲ್ಲಿ ಎಲ್ಲೆಲ್ಲಿಯೋ ಹೊಡೆಯುವ ಸಿಡಿಲುಗಳ ಕರಕರ ಸದ್ದು ರೇಡಿಯೊದ ಒಳಗಿನ ಗದ್ದಲಕ್ಕಿಂತ ಬಹಳ ಜೋರು. ಚಿಕ್ಕ ಆಂಟೆನಾ ಹಾಡನ್ನೂ ಆ ಕರಕರವನ್ನೂ ಒಂದೇ ಪ್ರಮಾಣದಲ್ಲಿ ತಗ್ಗಿಸುತ್ತದೆ. ಆಮೇಲೆ ಆಂಪ್ಲಿಫೈಯರ್ ಎರಡನ್ನೂ ಎತ್ತಿದರೆ ಕೇಳುಗರಿಗೆ ನಷ್ಟವಿಲ್ಲ. ಪ್ರಸಾರ ಮಾಡುವ ಕಡೆಗೆ ಈ ರಿಯಾಯಿತಿ ಇಲ್ಲ. ಅಲ್ಲಿ ಹೊರಡದ ಶಕ್ತಿಯೆಲ್ಲ ಕಾವಾಗಿ ಹಾಳಾಗುವುದರಿಂದ, ಆಕಾಶವಾಣಿಯ ಮಧ್ಯಮ ತರಂಗ ಕೇಂದ್ರಗಳಲ್ಲಿ ಆಳೆತ್ತರದ ಕಂಬ ಸಾಲದೆ ಮುಗಿಲೆತ್ತರದ ಗೋಪುರಗಳನ್ನೇ ನಿಲ್ಲಿಸಬೇಕಾಯಿತು.