ಸೇಂಟ್ ಕ್ರಾಸ್‌ನ ಹಿರಿಯರು

ಇಂಗ್ಲೆಂಡಿನ ವಿಂಚೆಸ್ಟರ್ ಕೆಥೆಡ್ರಲ್‌ನಿಂದ ದಕ್ಷಿಣಕ್ಕೆ, ಇಚೆನ್ ನದಿಯ ಹುಲ್ಲುಗಾವಲು ಹಾಯ್ದು ಸುಮಾರು ಒಂದು ಮೈಲಿ ನಡೆದರೆ ಸೇಂಟ್ ಕ್ರಾಸ್ ಬಡಾವಣೆ. 1819ರ ಸೆಪ್ಟೆಂಬರಿನಲ್ಲಿ ಕವಿ ಕೀಟ್ಸ್ ಅಡ್ಡಾಡಿದ ದಾರಿಯಿದು; ಶರತ್ಕಾಲವನ್ನು ಕುರಿತ ಅವನ ಪ್ರಸಿದ್ಧ ಕವಿತೆ ಹುಟ್ಟಿದ್ದೂ ಆಗಲೇ. ಅಲ್ಲಿ ಹಳೆಯ ಚರ್ಚಿನ ಪಕ್ಕ ಎತ್ತರದ ಹೊಗೆಗೂಡುಗಳ ಉದ್ದನೆಯ ಕಟ್ಟಡವೊಂದಿದೆ. ಅದರೊಳಗೆ ಸುಮಾರು 25 ಹಿರಿಯರು ತಮ್ಮ ನಿವೃತ್ತ ಬದುಕು ನಡೆಸುತ್ತಾರೆ.

1130ರ ದಶಕದಲ್ಲಿ ಈ ಧರ್ಮಶಾಲೆ ಕಟ್ಟಿಸಿದವನು ಇಂಗ್ಲೆಂಡಿನ ದೊರೆ ವಿಲಿಯಂ ದಿ ಕಾಂಕರರ್‌ನ ಮೊಮ್ಮಗ, ಬಿಷಪ್ ಹೆನ್ರಿ. ಮೈಯಲ್ಲಿ ಕಸುವಿಲ್ಲದ 13 ಬಡವರಿಗೆ ಇಲ್ಲೇ ವಾಸ, ದಿನವೂ ಇನ್ನೂ 100 ಬಡವರಿಗೆ ಊಟ ಎಂಬುದು ಅವನ ಕಟ್ಟಳೆ. 15ನೇ ಶತಮಾನದಲ್ಲಿ ಕಾರ್ಡಿನಲ್ ಬೋಫರ್ಟ್, ಬಾಳಿ ಬದುಕಿ ಕಾಲ ಕೆಟ್ಟವರಿಗಾಗಿ ಎರಡನೆಯ ಪಂಗಡವನ್ನು ಸೇರಿಸಿದ. ಎರಡೂ ಇಂದಿಗೂ ಉಳಿದಿವೆ. ಹೆನ್ರಿಯ ಕಡೆಯವರದು ಬೆಳ್ಳಿ ಶಿಲುಬೆಯ ಕಪ್ಪು ನಿಲುವಂಗಿ, ಬೋಫರ್ಟ್‌ನ ಕಡೆಯವರದು ಕಡುಗೆಂಪು.

ಧರ್ಮದ ಹಣಕ್ಕೆ ಕಣ್ಣು ಬಿದ್ದದ್ದೂ ಉಂಟು. 19ನೇ ಶತಮಾನದಲ್ಲಿ ಇಲ್ಲಿನ ಮಾಸ್ಟರ್, ಅಂದರೆ ಮುಖ್ಯಸ್ಥ, ಆಗಿದ್ದ ಗಿಲ್ಫರ್ಡ್‌ನ ಅರ್ಲ್, ಬಡವರ ಪಾಲಿನ ಆದಾಯವನ್ನು ತಾನೇ ಉಂಡ ಹಗರಣ ನ್ಯಾಯಾಲಯದ ಮೆಟ್ಟಿಲೇರಿತು. ಟ್ರೊಲೋಪ್‌ನ 1855ರ ಕಾದಂಬರಿ ‘ದಿ ವಾರ್ಡನ್’ಗೆ ಇಂಥ ಪ್ರಕರಣಗಳೇ ಹಿನ್ನೆಲೆ.

ನನಗೆ ಇಲ್ಲಿ ಹಿಡಿಸುವುದು ಕಟ್ಟಡದ ಹಳಮೆಗಿಂತ ದಿನಚರಿಯ ಹದ. ಪ್ರತಿಯೊಬ್ಬರಿಗೂ ಪ್ರತ್ಯೇಕ ಕೋಣೆಗಳು, ಅಡುಗೆಮನೆ; ಬಾಗಿಲು ಹಾಕಿಕೊಂಡರೆ ಅದು ಅವರದೇ ಮನೆ. ಬೆಳಗಾದರೆ ನಿಲುವಂಗಿ ತೊಟ್ಟು ಚರ್ಚಿನ ಪ್ರಾರ್ಥನೆಗೆ ಹೋಗಬೇಕು. ಅಲ್ಲಿ ಒಬ್ಬರ ಜಾಗ ಖಾಲಿಯಿದ್ದರೆ ಉಳಿದವರಿಗೆ ತಿಳಿಯುತ್ತದೆ. ವೃದ್ಧಾಪ್ಯಕ್ಕೆ ಔಷಧಿ, ಲಿಫ್ಟು, ತೋಟ ಎಲ್ಲ ಬೇಕು, ನಿಜ. ಅದರ ಜೊತೆಗೆ ಎದ್ದು ಹೊರಡಲು ಒಂದು ಕಾರಣವೂ, ಬಾರದಿದ್ದರೆ ವಿಚಾರಿಸುವ ಜನವೂ ಬೇಕೆಂಬುದನ್ನು ಈ ಸಂಸ್ಥೆ ಮರೆತಿಲ್ಲ. ಗೌನು ತೊಟ್ಟವನು ದಾನ ಪಡೆದವನಂತೆ ತಲೆತಗ್ಗಿಸಬೇಕಿಲ್ಲ. ಅವನು ಇಲ್ಲಿನ ‘ಬ್ರದರ್’. ಹುಟ್ಟಿದಾಗಿನಿಂದ ಇದು ಗಂಡಸರ ಸಂಸ್ಥೆಯಾಗಿಯೇ ಬಂದದ್ದು ಮಾತ್ರ ನನಗೆ ದೊಡ್ಡ ಕೊರತೆಯಾಗಿ ಕಾಣುತ್ತದೆ. ಗಂಡನನ್ನು ಕಳೆದುಕೊಂಡ ಮುದುಕಿಯ ಒಂಟಿತನವೇನು ಕಡಿಮೆಯೇ?

ಹೊರಗಿನವರೂ ನೋಡಲು ಹೋಗಬಹುದು. ದಾರಿಹೋಕರಿಗೆ ಬ್ರೆಡ್ಡಿನ ತುಣುಕು, ಕೊಂಬಿನ ಪುಟ್ಟ ಬಟ್ಟಲಿನಲ್ಲಿ ಗುಟುಕು ಬಿಯರ್ ಕೊಡುವ ಮಧ್ಯಯುಗದ ವಾಡಿಕೆ ಹೆಬ್ಬಾಗಿಲಲ್ಲಿ ಇನ್ನೂ ನಡೆದಿದೆ. ಆದರೆ ತಾವಾಗಿ ಕೊಡುವುದಿಲ್ಲ, ನೀವೇ ಕೇಳಬೇಕು.