ಎಮ್ಮೆಲೀನ್ ಎಂಬ ಹೆಸರಿನ ಬೆನ್ನು ಹತ್ತಿ

ಆಸ್ಪತ್ರೆಯ ಫಾರ್ಮಸಿ ಕೌಂಟರಿನಲ್ಲಿ ಮಾತ್ರೆಗಿಂತ ಮೊದಲು ನಾವು ನೋಡುವುದು ಹೆಸರನ್ನು. ಹೆಸರು, ಹುಟ್ಟಿದ ತಾರೀಖು, ಫೈಲ್ ನಂಬರು ಮೂರೂ ತಾಳೆಯಾದರೆ ಮಾತ್ರ ಔಷಧಿ ಕೈಗೆ. ಡಿಪ್ಲೊಮಾ ಮುಗಿಸಿ ಗಲ್ಫಿಗೆ ಬಂದ ಮೇಲೆ ಇಷ್ಟು ವರ್ಷ ದಿನಕ್ಕೆ ನೂರಾರು ಹೆಸರು ಓದಿದವನಿಗೆ ಹೆಸರುಗಳ ಹುಚ್ಚು ಹಿಡಿಯದೆ ಇರುತ್ತದೆಯೇ? ಅರಬಿಯಲ್ಲಿ ‘ಪ’ ಇಲ್ಲ. ನಮ್ಮ ಪೂರ್ಣಿಮಾ ಇಲ್ಲಿ ಬೂರ್ಣಿಮಾ, ಪದ್ಮನಾಭ ಬದ್ಮನಾಭ. ಹಾಗೆ ಕರೆದರೂ ಎದ್ದು ಬರುವುದು ಅವರಿಗೆಲ್ಲ ರೂಢಿಯಾಗಿದೆ.

ಮ್ಯಾಂಚೆಸ್ಟರಿನಲ್ಲಿ ನರ್ಸ್ ಆಗಿರುವ ನನ್ನ ತಂಗಿ ಹೆರಿಗೆಯಾದ ವಾರದಲ್ಲಿ ಫೋನ್ ಮಾಡಿ, “ಅಣ್ಣ, ಮಗಳಿಗೆ ಎಮ್ಮೆಲೀನ್ ಅಂತ ಇಡುವ ಅಂತ ಇದ್ದೇವೆ” ಅಂದಳು. ಪುತ್ತೂರಿನಿಂದ ಅಮ್ಮನೂ ಲೈನಿನಲ್ಲಿದ್ದರು. ಅವರ ಕಿವಿಗೆ ಬಿದ್ದದ್ದು ಮೊದಲ ಎರಡು ಅಕ್ಷರ ಮಾತ್ರ.

“ಎಂತ, ಎಮ್ಮೆಯಾ? ಹಟ್ಟಿಯಲ್ಲಿ ಕಟ್ಟಲಿಕ್ಕಾ, ತೊಟ್ಟಿಲಿಗೆ ಹಾಕಲಿಕ್ಕಾ?”

ನಾನು ನಕ್ಕೆ. ತಂಗಿ ನಗಲಿಲ್ಲ. ಅಮ್ಮನ ಮನಸ್ಸಿನಲ್ಲಿ ಇದ್ದದ್ದು ತೀರಿಹೋದ ನಮ್ಮ ಅಜ್ಜಿಯ ಹೆಸರು. ಮಾತಿಗೆ ಮಾತು ಬೆಳೆದು ವಾರಗಟ್ಟಲೆ ತಾಯಿ-ಮಗಳ ಮಾತೇ ನಿಂತುಹೋಯಿತು. ಬಾಣಂತಿ ಮಗಳು ಪರದೇಶದಲ್ಲಿ ಒಬ್ಬಳೇ, ಅಮ್ಮ ಊರಿನಲ್ಲಿ ಫೋನ್ ಎತ್ತುವುದಿಲ್ಲ. ಇದು ಹೇಗಿರುತ್ತದೆ ಎಂದು ಈ ಸಂಚಿಕೆ ಓದುವವರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಮಗುವನ್ನು ನೋಡಲೆಂದು ನಾನು ಮೊದಲೇ ವೀಸಾ, ಟಿಕೆಟ್ ಮಾಡಿಸಿಟ್ಟಿದ್ದೆ. ಹೊರಡುವಾಗ ಅಮ್ಮ ಹೇಳಿದ್ದು ಇಷ್ಟು: “ನೀನು ಹೋಗಿ ಆ ಹೆಸರು ಬಿಡಿಸಿ ಬಾ.” ಇಂಗ್ಲೆಂಡಿನಲ್ಲಿ ಮಗು ಹುಟ್ಟಿ 42 ದಿನದೊಳಗೆ ನೋಂದಣಿ ಆಗಬೇಕು. ನಾನು ತಲುಪಿದಾಗ ಮಗುವಿಗೆ 27 ದಿನ.

ಬಿಡಿಸುವ ಮೊದಲು ಅದೇನು ಎಂದು ತಿಳಿಯಬೇಕಲ್ಲ. ಹೆಸರು ಫ್ರೆಂಚ್. ಹಳೆಯ ಫ್ರೆಂಚಿನಲ್ಲಿ ಅಮೆಲೀನ್, ಎಮೆಲೀನ್ ಎಂಬ ರೂಪಗಳಿದ್ದವು. ಫ್ರೆಂಚರಿಗೂ ಅದು ಸ್ವಂತದ್ದಲ್ಲ. ಹಳೆಯ ಜರ್ಮನಿಕ್ ಭಾಷೆಗಳ ‘ಅಮಲ್’ ಎಂಬ ಮೂಲಕ್ಕೆ ಫ್ರೆಂಚ್ ಬಾಲ ಹಚ್ಚಿದ್ದು. ಎಮ್ಮಾ ಎಂಬ ಹೆಸರಿನ ಉದ್ದನೆಯ ರೂಪ ಇದು ಎಂದು ಅನೇಕರು ತಿಳಿಯುತ್ತಾರೆ. ಅಲ್ಲ, ಎಮ್ಮಾದ ಬೇರೇ ಬೇರೆ. 1066ರಲ್ಲಿ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದಾಗ ಅವರ ಜೊತೆ ಈ ಹೆಸರೂ ಕಡಲು ದಾಟಿತು. ಕೆಲವು ಶತಮಾನ ಬಳಕೆಯಲ್ಲಿದ್ದು ಮರೆಯಾಯಿತು. 1788ರಲ್ಲಿ ಷಾರ್ಲಟ್ ಸ್ಮಿತ್ ಎಂಬಾಕೆ ಬರೆದ ಕಾದಂಬರಿಯ ನಾಯಕಿಯಾಗಿ ‘ಎಮ್ಮೆಲೀನ್’ ಮತ್ತೆ ಕಾಣಿಸಿಕೊಂಡಿತು. ವಿಡಿಯೋ ಕ್ಯಾಸೆಟ್ ಕಾಲದವರಿಗೆ ನೆನಪಿದ್ದೀತು, 1980ರ ‘ಬ್ಲೂ ಲಗೂನ್’ ಚಿತ್ರದ ಹುಡುಗಿಯ ಹೆಸರೂ ಇದೇ.

ಆ ‘ಅಮಲ್’ ಎಂಬುದಕ್ಕೆ ಹೆಸರಿನ ನಿಘಂಟುಗಳು ಕೊಡುವ ಅರ್ಥ ಕೆಲಸ, ದುಡಿಮೆ. ಓದಿ ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಅರಬಿಯಲ್ಲೂ ‘ಅಮಲ್’ ಎಂದರೆ ಕೆಲಸವೇ ತಾನೇ! ನಮ್ಮ ವೀಸಾ ಕಾಗದಗಳ ಮೇಲೆಲ್ಲ ಇರುವ ಪದ. ಅರಬಿಯಿಂದ ಪಾರಸಿಗೆ, ಅಲ್ಲಿಂದ ನಮ್ಮಲ್ಲಿಗೂ ಬಂದು ಮೈಸೂರು ಸೀಮೆಯ ಅಮಲ್ದಾರನಾದದ್ದು ಅದೇ. ಆಜ್ಞೆಯನ್ನು ‘ಅಮಲಿಗೆ ತರುವುದು’ ಅದೇ. ಸಾರಾಯಿಯ ಅಮಲೂ ಅದರ ಸಂತಾನವೇ. ಜರ್ಮನಿಕ್ ಪದಕ್ಕೂ ಅರಬಿ ಪದಕ್ಕೂ ನೆಂಟಸ್ತನ ಇಲ್ಲ, ಬರೀ ಕಾಕತಾಳೀಯ. ಆದರೂ ದುಡಿಮೆಗೆಂದೇ ಮನೆ ಬಿಟ್ಟ ನಾವಿಬ್ಬರು, ಅಣ್ಣ-ತಂಗಿ, ಅದನ್ನು ಓದಿ ಸ್ವಲ್ಪ ಹೊತ್ತು ಸುಮ್ಮನಾದೆವು.

ತಂಗಿಗೆ ಈ ಹೆಸರು ಹಿಡಿಸಿದ್ದು ನಿಘಂಟಿನಿಂದಲ್ಲ. ಅವಳು ಕೆಲಸಕ್ಕೆ ಹೋಗುವ ದಾರಿಯಲ್ಲಿ ನೆಲ್ಸನ್ ಸ್ಟ್ರೀಟ್ ಇದೆ. ಮ್ಯಾಂಚೆಸ್ಟರ್ ರಾಯಲ್ ಇನ್‌ಫರ್ಮರಿಯ ದೊಡ್ಡ ಕಟ್ಟಡಗಳ ಪಕ್ಕದಲ್ಲಿ ಇಟ್ಟಿಗೆಯ ಹಳೇ ಮನೆ, ನಂಬರ್ 62. ಹೆಂಗಸರಿಗೆ ಮತದಾನದ ಹಕ್ಕು ಬೇಕೆಂದು ಹೋರಾಡಿದ ಎಮ್ಮೆಲೀನ್ ಪ್ಯಾಂಕ್‌ಹರ್ಸ್ಟ್ ಇದ್ದ ಮನೆ ಅದು. 1903ರ ಅಕ್ಟೋಬರ್ 10ರಂದು ಅವರ ಸಂಘಟನೆ ಹುಟ್ಟಿದ್ದು ಅಲ್ಲೇ. ಈಗ ಅದು ಪ್ಯಾಂಕ್‌ಹರ್ಸ್ಟ್ ಸೆಂಟರ್ ಎಂಬ ಮ್ಯೂಸಿಯಂ. ಊರ ನಡುವಿನ ಸೇಂಟ್ ಪೀಟರ್ಸ್ ಸ್ಕ್ವೇರಿನಲ್ಲಿ ಕುರ್ಚಿ ಹತ್ತಿ ನಿಂತು ಭಾಷಣ ಮಾಡುವ ಭಂಗಿಯ ಅವರ ಪ್ರತಿಮೆ 2018ರ ಡಿಸೆಂಬರಿನಲ್ಲಿ ಅನಾವರಣವಾಯಿತು.

ಆಕೆ ಹುಟ್ಟಿದ್ದು 1858ರಲ್ಲಿ, ಮ್ಯಾಂಚೆಸ್ಟರಿನದೇ ಮಾಸ್ ಸೈಡಿನಲ್ಲಿ. ಜನನ ಪತ್ರದಲ್ಲಿ ಜುಲೈ 15 ಎಂದಿದೆ. ಆಕೆ ಮಾತ್ರ ತಾನು ಹುಟ್ಟಿದ್ದು 14ಕ್ಕೆ, ಪ್ಯಾರಿಸ್ಸಿನ ಬಾಸ್ತೀಲ್ ಕೋಟೆ ಬಿದ್ದ ದಿನ, ಎಂದೇ ಹೇಳುತ್ತಿದ್ದರು. ಹದಿಹರೆಯದಲ್ಲಿ ಓದಲು ಹೋದದ್ದೂ ಪ್ಯಾರಿಸ್ಸಿಗೆ. ಹೆಸರು ಫ್ರೆಂಚಾದರೆ ಮನಸ್ಸೂ ಅರ್ಧ ಫ್ರೆಂಚೇ. ಎರಡನೇ ಮಗಳಿಗೂ ಎಸ್ಟೆಲ್ ಎಂದು ಫ್ರೆಂಚ್ ಹೆಸರಿಟ್ಟರು. ಆ ಮಗಳು ಅದನ್ನು ಬಿಟ್ಟು ಸಿಲ್ವಿಯಾ ಎಂದೇ ಪ್ರಸಿದ್ಧಳಾದಳು. ಅಪ್ಪ-ಅಮ್ಮ ಇಟ್ಟ ಹೆಸರನ್ನು ಮಕ್ಕಳು ಇಟ್ಟುಕೊಳ್ಳಲೇಬೇಕೆಂದು ಯಾವ ಊರಿನಲ್ಲೂ ಇಲ್ಲ ನೋಡಿ.

ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಸಂಗತಿ. 1898ರಲ್ಲಿ ಗಂಡ ತೀರಿಕೊಂಡಾಗ ಮನೆಯಲ್ಲಿ ಮಕ್ಕಳು, ಸಾಲ. ಹೊಟ್ಟೆಪಾಡಿಗೆ ಆಕೆ ಹಿಡಿದ ಕೆಲಸ ಯಾವುದು ಗೊತ್ತೇ? ಜನನ-ಮರಣ ನೋಂದಣಿಯ ರಿಜಿಸ್ಟ್ರಾರ್! ಮ್ಯಾಂಚೆಸ್ಟರಿನ ಕೂಲಿಕಾರರ ಪ್ರದೇಶದಲ್ಲಿ ಹುಟ್ಟಿದ ಮಕ್ಕಳ ಹೆಸರು ಬರೆದುಕೊಳ್ಳುವ ಕೆಲಸ. ದುಡಿಯುವವರಿಗೆ ಅನುಕೂಲವಾಗಲೆಂದು ವಾರಕ್ಕೆ ಎರಡು ದಿನ ಸಂಜೆಯೂ ಕಚೇರಿ ತೆರೆದಿರುತ್ತಿತ್ತು. ಬರೆಯುವವಳು ಹೆಂಗಸು ಎಂದು ಬಂದ ತಾಯಂದಿರು ಬಾಯಿಬಿಟ್ಟು ಕಷ್ಟ ಹೇಳಿಕೊಳ್ಳುತ್ತಿದ್ದರಂತೆ. ಹದಿಮೂರು ವರ್ಷದ ಹುಡುಗಿಯರು ತಾವು ಹೆತ್ತ ಮಗುವನ್ನು ನೋಂದಾಯಿಸಲು ಬಂದು ನಿಂತದ್ದನ್ನು 1914ರ ತಮ್ಮ ಆತ್ಮಕಥೆಯಲ್ಲಿ ಅವರು ನೆನೆದಿದ್ದಾರೆ. ಹೆಂಗಸರ ಕೈಗೆ ವೋಟು ಬರದೆ ಇದು ಸರಿಯಾಗದು ಎಂಬ ಅವರ ಹಟವನ್ನು ಗಟ್ಟಿ ಮಾಡಿದ್ದು ಆ ರಿಜಿಸ್ಟರ್ ಪುಸ್ತಕ. 1907ರಲ್ಲಿ ಆ ಕೆಲಸ ಬಿಟ್ಟು ಪೂರ್ತಿ ಚಳವಳಿಗೆ ಇಳಿದರು, ಜೈಲು ಕಂಡರು. 1918ರಲ್ಲಿ 30 ದಾಟಿದ, ಆಸ್ತಿಯ ಅರ್ಹತೆಯಿದ್ದ ಹೆಂಗಸರಿಗೆ ಮಾತ್ರ ವೋಟು ಸಿಕ್ಕಿತು. 21 ದಾಟಿದ ಎಲ್ಲ ಹೆಂಗಸರಿಗೂ ಗಂಡಸರ ಸಮಾನ ಹಕ್ಕು ಕೊಟ್ಟ ಕಾಯ್ದೆಗೆ ಅಂಕಿತ ಬಿದ್ದದ್ದು 1928ರ ಜುಲೈ 2ಕ್ಕೆ. ಎಮ್ಮೆಲೀನ್ ತೀರಿಕೊಂಡದ್ದು ಅದೇ ವರ್ಷ ಜೂನ್ 14ಕ್ಕೆ. ಹದಿನೆಂಟೇ ದಿನದ ಅಂತರ.

ಇಷ್ಟು ದೊಡ್ಡ ಹೆಂಗಸಿನ ಹೆಸರು ಆ ದೇಶದಲ್ಲಿ ಮನೆಮನೆಗೆ ಇರಬೇಕಿತ್ತಲ್ಲ? ಇಲ್ಲ, ಈಗಲೂ ಅಪರೂಪವೇ. ಇಂಗ್ಲೆಂಡ್ ಮತ್ತು ವೇಲ್ಸಿನಲ್ಲಿ ಪ್ರತಿವರ್ಷ ಮಕ್ಕಳ ಹೆಸರಿನ ಪಟ್ಟಿ ಸರ್ಕಾರಿ ಅಂಕಿಅಂಶ ಇಲಾಖೆಯಿಂದ ಬರುತ್ತದೆ. ಮೂರಕ್ಕಿಂತ ಕಡಿಮೆ ಮಕ್ಕಳಿಗೆ ಇಟ್ಟ ಹೆಸರನ್ನು, ಗುರುತು ಸಿಕ್ಕೀತೆಂದು, ಪ್ರಕಟಿಸುವುದಿಲ್ಲ. ನಮ್ಮೂರ ಎಷ್ಟು ಹೆಸರುಗಳು ಹಾಗೆ ಪಟ್ಟಿಯ ಹೊರಗೆ ಉಳಿಯುತ್ತವೋ! ತಮಾಷೆಯೆಂದರೆ ಎಮ್ಮೆಲೀನಳ ದಾಯಾದಿ, ಅದೇ ‘ಅಮಲ್’ ಮೂಲದಿಂದ ಬಂದ ಅಮೆಲಿಯಾ, 2011ರಿಂದ 2015ರವರೆಗೆ ಅಲ್ಲಿ ಹೆಣ್ಣುಮಕ್ಕಳ ಹೆಸರಿನಲ್ಲಿ ಮೊದಲ ಸ್ಥಾನದಲ್ಲಿತ್ತು. ಬೆರಳು ಮಾಡಿ ಕರೆದರೆ ನಾಲ್ಕು ಅಮೆಲಿಯಾಗಳು ತಿರುಗಿ ನೋಡಿಯಾರು. ಫಾರ್ಮಸಿಯವನಿಗೆ ಒಂದೇ ಹೆಸರಿನ ನಾಲ್ವರು ಎಂದರೆ ತಲೆನೋವು. ನನ್ನ ವೋಟು ಅಪರೂಪದ ಹೆಸರಿಗೆ.

ಅಮ್ಮನಿಗೆ ಫೋನ್ ಹಚ್ಚಿ ಇದನ್ನೆಲ್ಲ ಹೇಳಿದೆ. ರಿಜಿಸ್ಟ್ರಾರ್ ಕೆಲಸದ ಕತೆಯನ್ನು ಎರಡು ಸಲ ಕೇಳಿದರು. ಆಮೇಲೆ, “ಆ ಹದಿಮೂರರ ಮಕ್ಕಳು ತಮ್ಮ ಶಿಶುಗಳಿಗೆ ಎಂತ ಹೆಸರಿಟ್ಟರಂತೆ?” ಎಂದರು. ನನ್ನ ಹತ್ತಿರ ಉತ್ತರ ಇರಲಿಲ್ಲ. ತುಸು ಬಿಟ್ಟು, “ಕೊಡು ಅವಳಿಗೆ ಫೋನ್” ಅಂದರು. ನಾನು ಹೊರಗೆ ಹೋಗಿ ಮಳೆ ನೋಡುತ್ತ ನಿಂತೆ.

ಮನೆಯಲ್ಲಿ ಕರೆಯಲಿಕ್ಕೆ ಬಾಲದ ತುಂಡು ಸಾಕು ಎಂದಾಯಿತು: ಲೀನಾ. ನಮ್ಮಲ್ಲಿ ಲೀನ ಎಂದರೆ ಒಂದಾಗಿ ಬೆರೆತದ್ದು. ಮಂಗಳೂರಿನ ಕ್ರಿಶ್ಚಿಯನ್ ಮನೆಗಳಲ್ಲೂ ಲೀನಾಗಳು ಬೇಕಾದಷ್ಟು. ಅರಬಿಯಲ್ಲಿ ಲೀನಾ ಎಂದರೆ ಖರ್ಜೂರದ ಮರ. ನಾಳೆ ಮಗು ನನ್ನಲ್ಲಿಗೆ ಬಂದರೆ ಇಲ್ಲಿನವರೂ ತೊಡಕಿಲ್ಲದೆ ಕರೆಯುತ್ತಾರೆ.

ಕಾಗದದ ವಿಷಯದಲ್ಲಿ ಮಾತ್ರ ನಾನು ಗಲ್ಫಿನವನ ಬುದ್ಧಿ ಓಡಿಸಿದೆ. ಅಲ್ಲಿ ಹುಟ್ಟಿದರೂ, ಅಪ್ಪ-ಅಮ್ಮ ಇನ್ನೂ ಕೆಲಸದ ವೀಸಾದಲ್ಲಿರುವುದರಿಂದ, ಮಗುವಿಗೆ ಬರುವುದು ಭಾರತದ ಪಾಸ್‌ಪೋರ್ಟೇ. 2022ರ ನವೆಂಬರಿನಲ್ಲಿ ಯುಎಇ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರು ಇರುವವರಿಗೆ ವಿಸಿಟ್ ವೀಸಾದಲ್ಲಿ ಪ್ರವೇಶ ಇಲ್ಲ ಎಂದಾಗ ಎಷ್ಟು ಜನರ ಅಮ್ಮಂದಿರು ಟಿಕೆಟ್ ಕೈಯಲ್ಲಿ ಹಿಡಿದು ಊರಲ್ಲೇ ಉಳಿದರು ಎಂದು ನಮಗೆ ಗೊತ್ತಲ್ಲ. ಆದ್ದರಿಂದ ಮೊದಲ ಹೆಸರು ಎಮ್ಮೆಲೀನ್, ನಡುವೆ ಅಜ್ಜಿಯ ಹೆಸರು, ಕೊನೆಗೆ ಅಪ್ಪನ ಮನೆತನದ ಹೆಸರು. ಎಲ್ಲವೂ ಪೂರ್ತಿ, ಇನಿಷಿಯಲ್ ಒಂದೂ ಇಲ್ಲ.

39ನೆಯ ದಿನ ನೋಂದಣಿ ಕಚೇರಿಗೆ ಹೋದೆವು. ರಿಜಿಸ್ಟ್ರಾರ್ ಹೆಂಗಸೇ. ಎಮ್ಮೆಲೀನ್ ಎಂದಾಗ ಒಮ್ಮೆ ತಲೆ ಎತ್ತಿ ನಕ್ಕರು, ಸ್ಪೆಲಿಂಗ್ ಕೇಳಲಿಲ್ಲ. ಅಜ್ಜಿಯ ಹೆಸರಿನ ಸ್ಪೆಲಿಂಗನ್ನು ಮೂರು ಸಲ ಕೇಳಿ ಬರೆದುಕೊಂಡರು.